ಭ್ರೂಣದಲ್ಲಿ ಶ್ವಾಸಕೋಶ ಮೂಡುವ ಬಗೆ: ನಾಲ್ಕು ಹಾಳೆಗಳಲ್ಲಿ ಬರೆದು ಕಲಿಯಿರಿ

ಶ್ವಾಸಕೋಶದ ಬೆಳವಣಿಗೆಯನ್ನು ಕೋಷ್ಟಕ ನೋಡಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುವಾರವೇ ಎಲ್ಲ ಮರೆತುಹೋಗುತ್ತದೆ. ಕೈಯಾರೆ ಚಿತ್ರ ಬರೆದರೆ ಹಾಗಾಗುವುದಿಲ್ಲ. ಇಲ್ಲಿ ನಡೆಯುವುದೆಲ್ಲ ಒಂದೇ ಕೊಳವೆಯ ಕೆಲಸ: ಅದು ಉಬ್ಬುತ್ತದೆ, ಬೇರೆಯಾಗುತ್ತದೆ, ಕವಲೊಡೆಯುತ್ತದೆ, ಕೊನೆಗೆ ಗೋಡೆ ತೆಳುವಾಗುತ್ತದೆ. ಯಾವ ಹೆಜ್ಜೆ ತಪ್ಪಿದರೆ ಯಾವ ತೊಂದರೆ ಎಂಬುದೂ ಚಿತ್ರದಲ್ಲೇ ಕಾಣುತ್ತದೆ.

ನಾಲ್ಕು ಹಾಳೆ, ಒಂದು ಪೆನ್ಸಿಲ್, ಜೊತೆಗೆ ಹಳದಿ ಮತ್ತು ಕೆಂಪು ಬಣ್ಣ ಇಟ್ಟುಕೊಳ್ಳಿ. ಹಳದಿ ಎಂಡೋಡರ್ಮ್ ಎಂಬ ಒಳಪದರಕ್ಕೆ, ಕೆಂಪು ಮೀಸೋಡರ್ಮ್ ಎಂಬ ನಡುಪದರಕ್ಕೆ. ಭ್ರೂಣಶಾಸ್ತ್ರದ ಪುಸ್ತಕಗಳಲ್ಲೂ ಸಾಮಾನ್ಯವಾಗಿ ಇದೇ ಬಣ್ಣಗಳಿರುತ್ತವೆ, ಬದಲಿಸಬೇಡಿ.

ಪೆನ್ಸಿಲ್ ಹಿಡಿಯುವ ಮೊದಲು ವಾರದ ಲೆಕ್ಕ ಸರಿಮಾಡಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಭ್ರೂಣಶಾಸ್ತ್ರ ಎಣಿಸುವುದು ಫಲೀಕರಣದ ದಿನದಿಂದ. ಹೆರಿಗೆ ವೈದ್ಯರು ಎಣಿಸುವುದು ತಾಯಿಯ ಕೊನೆಯ ಮುಟ್ಟಿನ ಮೊದಲ ದಿನದಿಂದ. ಎರಡಕ್ಕೂ ಸುಮಾರು 2 ವಾರದ ಅಂತರವಿದೆ. ಕೆಳಗಿನ ವಾರಗಳು ಫಲೀಕರಣದ ಲೆಕ್ಕದವು. ಹೆರಿಗೆ ಲೆಕ್ಕ ಬಂದ ಕಡೆ ಹಾಗೆಂದೇ ಹೇಳಿದೆ.

ಹಾಳೆ 1: ಮೊಗ್ಗು, 4ನೇ ವಾರ

ಭ್ರೂಣವನ್ನು ಪಕ್ಕದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. 2 ಸೆಂ.ಮೀ. ಅಂತರದಲ್ಲಿ ಎರಡು ಲಂಬ ಗೆರೆ ಎಳೆಯಿರಿ, ಇದು ಮುಂಗರುಳು, ಅಂದರೆ ಭ್ರೂಣದ ಕರುಳುಕೊಳವೆಯ ಮೇಲ್ಭಾಗ. ಎಡಗಡೆಯನ್ನು ಹೊಟ್ಟೆಯ ಬದಿ ಎಂದು ಗುರುತಿಸಿ. ಆ ಬದಿಯ ಗೋಡೆಯಲ್ಲಿ, ಮೇಲ್ಭಾಗಕ್ಕೆ ಹತ್ತಿರ, ಬೆರಳ ತುದಿಯಷ್ಟು ಉಬ್ಬು ಬರೆಯಿರಿ. ಇದೇ ಶ್ವಾಸಕೋಶದ ಮೊಗ್ಗು. ಆಗ ಇಡೀ ಭ್ರೂಣದ ಉದ್ದವೇ ಕೆಲವು ಮಿಲಿಮೀಟರ್. ಪಕ್ಕದ ನಡುಪದರದಿಂದ ಬರುವ ರೆಟಿನೊಯಿಕ್ ಆಮ್ಲ (ವಿಟಮಿನ್ ಎ ಯಿಂದ ಆಗುವಂಥದ್ದು) ಆ ಜಾಗದಲ್ಲಿ ಟಿಬಿಎಕ್ಸ್4 ಎಂಬ ಜೀನನ್ನು ಎಚ್ಚರಿಸುತ್ತದೆ. ಉಬ್ಬು ಅಲ್ಲೇ ಮೂಡುವುದಕ್ಕೆ ಇದು ಕಾರಣ.

ಕೊಳವೆಯ ಒಳಮೈಗೆ ಹಳದಿ ಹಚ್ಚಿ, ಸುತ್ತಲೂ ದಪ್ಪಗೆ ಕೆಂಪು ಹಚ್ಚಿ. ಇಡೀ ಶ್ವಾಸನಾಳವನ್ನೇ ಹಳದಿ ಮಾಡಿಬಿಡುವ ತಪ್ಪು ಬಹಳ ಸಾಮಾನ್ಯ. ಹಳದಿಯಿಂದ ಬರುವುದು ಒಳಹೊದಿಕೆ ಮತ್ತು ಗ್ರಂಥಿಗಳು ಮಾತ್ರ. ಮೃದ್ವಸ್ಥಿಯ ಉಂಗುರ, ನಯವಾದ ಸ್ನಾಯು, ರಕ್ತನಾಳ ಎಲ್ಲ ಕೆಂಪಿನ ಪಾಲು. ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಇನ್ನೊಂದು ಕಡೆಯಿಂದ, ಅಂದರೆ 4 ಮತ್ತು 6ನೇ ಗಂಟಲ ಕಮಾನುಗಳಿಂದ (ಭ್ರೂಣದ ಕತ್ತಿನ ಪಕ್ಕದ ಉಬ್ಬುಗಳಿಂದ) ಬರುತ್ತವೆ.

ಹಾಳೆ 2: ಬೇರ್ಪಡೆ, 4–5ನೇ ವಾರ

ಈ ಹಾಳೆಗೆ ಹೆಚ್ಚು ಸಮಯ ಕೊಡಿ. ಕೊಳವೆಯನ್ನು ಅಡ್ಡ ಕೊಯ್ದಂತೆ ಮೂರು ಚಿತ್ರ ಬರೆಯಿರಿ. ಮೊದಲನೆಯದು ಒಂದೇ ಉದ್ದನೆಯ ವೃತ್ತ. ಎರಡನೆಯದರಲ್ಲಿ ಎರಡೂ ಪಕ್ಕದಿಂದ ಏಣುಗಳು ಒಳಕ್ಕೆ ಒತ್ತಿ, ನಡು ಸಣ್ಣಗಾಗಿ, ಇಂಗ್ಲಿಷ್ ಅಂಕಿ ಎಂಟರ ಆಕಾರ ಬಂದಿರಬೇಕು. ಮೂರನೆಯದರಲ್ಲಿ ಏಣುಗಳು ಕೂಡಿ ಅಡ್ಡಗೋಡೆಯಾಗಿ, ಎರಡು ವೃತ್ತಗಳು ಬಿಡಿಬಿಡಿಯಾಗಿರಬೇಕು: ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ಮೇಲ್ತುದಿಯಲ್ಲಿ ಮಾತ್ರ ಗೋಡೆ ಬರುವುದಿಲ್ಲ. ಉಸಿರು ಮತ್ತು ಅನ್ನದ ದಾರಿ ಗಂಟಲಲ್ಲಿ ಜೀವನಪೂರ್ತಿ ಸೇರಿಯೇ ಇರುತ್ತವೆ.

ಬೇರ್ಪಡೆ ಕೆಟ್ಟರೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕಳ್ಳದಾರಿ ಉಳಿಯುತ್ತದೆ. ಅತಿ ಸಾಮಾನ್ಯ ಬಗೆಯನ್ನು ಪಕ್ಕದಲ್ಲೇ ಬರೆಯಿರಿ: ಅನ್ನನಾಳದ ಮೇಲ್ಭಾಗ ಕುರುಡು ಚೀಲವಾಗಿ ನಿಂತಿದೆ, ಕೆಳಭಾಗ ಶ್ವಾಸನಾಳಕ್ಕೆ ಅಂಟಿದೆ. ಈ ಬಗೆಯ ದೋಷಗಳಲ್ಲಿ ಸುಮಾರು 85 ಪ್ರತಿಶತ ಹೀಗೇ ಇರುತ್ತವೆ. ಇನ್ನು ಲಕ್ಷಣಗಳನ್ನು ಚಿತ್ರವೇ ಹೇಳಿಕೊಡುತ್ತದೆ. ಗರ್ಭದಲ್ಲಿ ಮಗು ನೀರು ನುಂಗಲಾರದು, ಆದ್ದರಿಂದ ಗರ್ಭನೀರು ಹೆಚ್ಚುತ್ತದೆ. ಹುಟ್ಟಿದ ಮೇಲೆ ಬಾಯಲ್ಲಿ ನೊರೆ ಜೊಲ್ಲು ತುಂಬುತ್ತದೆ, ಮೊದಲ ಹಾಲಿಗೇ ಕೆಮ್ಮಿ ನೀಲಿಗಟ್ಟುತ್ತದೆ. ಬಾಯಿಂದ ಹಾಕಿದ ನಳಿಕೆ ಸುಮಾರು 10 ಸೆಂ.ಮೀ.ಗೇ ತಡೆದು ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಅದು ಚೀಲದೊಳಗೆ ಸುರುಳಿ ಸುತ್ತಿ ಕೂತಿರುತ್ತದೆ. ಹೊಟ್ಟೆಯಲ್ಲಿ ಗಾಳಿ ಕಂಡರೆ ಅದು ಕೆಳಗಿನ ಕಳ್ಳದಾರಿಯಿಂದ ಬಂದದ್ದು.

ಧ್ವನಿಪೆಟ್ಟಿಗೆಯ ಒಳಹೊದಿಕೆ ವೇಗವಾಗಿ ಬೆಳೆದು ಸ್ವಲ್ಪ ಕಾಲ ದಾರಿಯನ್ನೇ ಮುಚ್ಚುತ್ತದೆ, 10ನೇ ವಾರದ ಹೊತ್ತಿಗೆ ಮತ್ತೆ ತೆರೆಯುತ್ತದೆ. ಪೂರ್ತಿ ತೆರೆಯದಿದ್ದರೆ ಅಲ್ಲಿ ಪೊರೆ ಉಳಿಯುತ್ತದೆ.

ಹಾಳೆ 3: ಕವಲು, 5–16ನೇ ವಾರ

ಈಗ ಮುಂದಿನಿಂದ ನೋಡಿ ಬರೆಯಿರಿ. ಶ್ವಾಸನಾಳದ ತುದಿ ಎರಡಾಗಲಿ. ಬಲಗವಲನ್ನು (ಭ್ರೂಣದ ಬಲ, ಹಾಳೆಯಲ್ಲಿ ನಿಮ್ಮ ಎಡಗಡೆ) ತುಸು ದಪ್ಪಗೆ, ಹೆಚ್ಚು ನೆಟ್ಟಗೆ ಎಳೆಯಿರಿ. ಮುಂದೆ ಮಕ್ಕಳ ಉಸಿರಿನ ದಾರಿಗೆ ಕಡಲೆಬೀಜ ಹೋದಾಗ ಅದು ಬಲಕ್ಕೇ ಜಾರುವುದು ಹೆಚ್ಚು, ಕಾರಣ ಇದೇ. ಬಲಕ್ಕೆ ಮೂರು ಕವಲು, ಎಡಕ್ಕೆ ಎರಡು: ಹಾಲೆಗಳ (ಶ್ವಾಸಕೋಶದ ದೊಡ್ಡ ಭಾಗಗಳ) ಲೆಕ್ಕ ಇದೇ. ಮುಂದೆ ಪ್ರತಿ ತುದಿಯನ್ನೂ ಎರಡೆರಡಾಗಿ ಸೀಳುತ್ತ ಹೋಗಿ. 6ನೇ ತಿಂಗಳ ಕೊನೆಗೆ ಸುಮಾರು 17 ತಲೆಮಾರಿನ ಕವಲುಗಳಾಗಿರುತ್ತವೆ. ಹಾಳೆಯಲ್ಲಿ ನಾಲ್ಕು ಸಾಕು.

ಎಲ್ಲಿ ಕವಲೊಡೆಯಬೇಕೆಂದು ಹೇಳುವುದು ಕೆಂಪು ಪದರ. ಅದು ಸ್ರವಿಸುವ ಎಫ್‌ಜಿಎಫ್10 ಎಂಬ ಪ್ರೋಟೀನಿನ ಕಡೆಗೆ ಹಳದಿ ಮೊಗ್ಗು ಬೆಳೆಯುತ್ತದೆ. ಈ ಪ್ರೋಟೀನಿನ ಜೀನ್ ತೆಗೆದುಹಾಕಿದ ಇಲಿಮರಿಗಳಲ್ಲಿ ಶ್ವಾಸನಾಳ ಇರುತ್ತದೆ, ಶ್ವಾಸಕೋಶವೇ ಇರುವುದಿಲ್ಲ. ಆದ್ದರಿಂದ ಪ್ರತಿ ತುದಿಯ ಮುಂದೆ ಒಂದು ಕೆಂಪು ಚುಕ್ಕೆ ಇಡಿ.

ಕವಲಿಗೆ ಜಾಗವೂ ಬೇಕು, ನೀರೂ ಬೇಕು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯಲ್ಲಿ, ಹೆಚ್ಚಾಗಿ ಎಡಗಡೆ ಹಿಂಬದಿಯಲ್ಲಿ, ತೂತು ಉಳಿದರೆ ಕರುಳು ಎದೆಗೂಡಿಗೆ ನುಗ್ಗಿ ಶ್ವಾಸಕೋಶ ಕುಗ್ಗುತ್ತದೆ. ಮೂತ್ರಪಿಂಡಗಳೇ ಇಲ್ಲದ ಮಗುವಿಗೆ ಗರ್ಭನೀರು ಕಡಿಮೆ, ಆದ್ದರಿಂದ ಶ್ವಾಸಕೋಶವೂ ಸಣ್ಣದು. ಎರಡರಲ್ಲೂ ಶಸ್ತ್ರಚಿಕಿತ್ಸೆಗಿಂತ ಮೊದಲು ಕಾಡುವ ಪ್ರಶ್ನೆ ಒಂದೇ: ಉಸಿರಾಡಲು ಸಾಕಷ್ಟು ಶ್ವಾಸಕೋಶ ಬೆಳೆದಿದೆಯೇ?

ಹಾಳೆ 4: ಗೋಡೆ ತೆಳುವಾಗುವುದು, 16ನೇ ವಾರದಿಂದ

ಒಂದೇ ತುದಿಯನ್ನು ದೊಡ್ಡದಾಗಿಸಿ ನಾಲ್ಕು ಚೌಕಗಳಲ್ಲಿ ಬರೆಯಿರಿ. 16ನೇ ವಾರಕ್ಕೆ ಮೊದಲು ಕೋಶಗಳು ಎತ್ತರ, ರಕ್ತನಾಳ ದೂರ; ಗ್ರಂಥಿಯಂತೆ ಕಾಣುತ್ತದೆ. 16–26ರಲ್ಲಿ ನಾಳ ಅಗಲವಾಗುತ್ತದೆ, ಲೋಮನಾಳಗಳು ಹತ್ತಿರ ಬರುತ್ತವೆ. 26ರಿಂದ ಹುಟ್ಟುವವರೆಗೆ ತೆಳುಗೋಡೆಯ ಚೀಲಗಳು. ಕೊನೆಯ ಚೌಕದಲ್ಲಿ ಆ ಚೀಲಗಳೊಳಗೆ ಅಡ್ಡಗೋಡೆ ಎದ್ದು ಗಾಳಿಗೂಡುಗಳಾಗುತ್ತವೆ. ವಾರಗಳ ಗಡಿ ಪುಸ್ತಕದಿಂದ ಪುಸ್ತಕಕ್ಕೆ ಒಂದೆರಡು ವಾರ ಬೇರೆಯಿರುತ್ತದೆ. ಮೇಲಿನ ಕವಲುಗಳು ಕೆಳಗಿನವಕ್ಕಿಂತ ಮುಂದಿರುವುದರಿಂದ ಹಂತಗಳು ಒಂದರ ಮೇಲೊಂದು ಹಾಯುತ್ತವೆ.

ಮೂರನೇ ಚೌಕದಲ್ಲಿ ಎರಡು ಬಗೆಯ ಕೋಶ ಗುರುತಿಸಿ. ಚಪ್ಪಟೆಯಾಗಿ ಹರಡಿದ್ದು ಒಂದನೇ ಬಗೆ. ಅನಿಲ ದಾಟುವುದು ಅದರ ಮೂಲಕ. ಮೂಲೆಯಲ್ಲಿ ದುಂಡಗೆ ಕೂತದ್ದು ಎರಡನೇ ಬಗೆ. ಸರ್ಫ್ಯಾಕ್ಟಂಟ್ ತಯಾರಿಸುವುದು ಅದು. ಒದ್ದೆಯಾದ ಗೋಡೆಗಳು ಮೇಲ್ಮೈ ಸೆಳೆತದಿಂದ ಒಂದಕ್ಕೊಂದು ಅಂಟಿಕೊಳ್ಳದಂತೆ ಈ ಕೊಬ್ಬಿನ ಪದರ ತಡೆಯುತ್ತದೆ. ಅದಿಲ್ಲದಿದ್ದರೆ ಗೂಡುಗಳು ಪ್ರತಿ ಬಾರಿಯೂ ಮುಚ್ಚಿಕೊಳ್ಳುತ್ತವೆ, ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಕಷ್ಟ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಉಸಿರಾಟದ ತೊಂದರೆಗೆ ಇದರ ಕೊರತೆಯೇ ಕಾರಣವೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. ಹೆರಿಗೆ ಲೆಕ್ಕದ 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸಂಭವವಿದ್ದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ಈ ಕೋಶಗಳನ್ನು ಬೇಗ ಮಾಗಿಸಲೆಂದೇ.

ಹುಟ್ಟುವ ತನಕ ಚೌಕಗಳ ಒಳಗೆಲ್ಲ ದ್ರವ ತುಂಬಿದೆ ಎಂದು ಗುರುತು ಹಾಕಿ. ಮೊದಲ ಉಸಿರುಗಳ ಹೊತ್ತಿಗೆ ಅದು ಹೆಚ್ಚಾಗಿ ರಕ್ತಕ್ಕೂ ದುಗ್ಧನಾಳಕ್ಕೂ ಇಳಿದುಹೋಗುತ್ತದೆ. ತಡವಾದರೆ ಮಗು ಒಂದೆರಡು ದಿನ ವೇಗವಾಗಿ ಉಸಿರಾಡುತ್ತದೆ. ಕೊನೆಯ ಚೌಕದ ಬಲ ಅಂಚನ್ನು ಮುಚ್ಚದೆ ಬಿಡಿ. ವಯಸ್ಕರಲ್ಲಿರುವ ಸುಮಾರು 30 ಕೋಟಿ ಗಾಳಿಗೂಡುಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆಯೇ ಮೂಡುವಂಥವು.