‘ತೆಗೆ’ ಅಂತ ಬಟನ್ ಮೇಲೆ ಬರೆಯಬೇಡಿ

ಆ್ಯಪ್ ಕನ್ನಡಕ್ಕೆ ತರುವವರಿಗೆ ಒಂದು ಸಲಹೆ. ಬಾಗಿಲು ತೆಗೆ ಅಂದರೆ ತೆರೆಯೋದು, ಕಲೆ ತೆಗೆ ಅಂದರೆ ಹೋಗಲಾಡಿಸೋದು. ಹಾಗಾಗಿ ‘ಫೈಲ್ ತೆಗೆ’ ಅಂತಿದ್ದರೆ ಒತ್ತೋಕೇ ಭಯ. ಓಪನ್‌ಗೆ ‘ತೆರೆಯಿರಿ’ ಇಡಿ. ಪಟ್ಟಿಯಿಂದ ಮಾತ್ರ ಹೋಗುವುದಾದರೆ ‘ಪಟ್ಟಿಯಿಂದ ತೆಗೆಯಿರಿ’, ಫೈಲೇ ಹೋಗುವುದಾದರೆ ‘ಅಳಿಸಿ’.

ಇದಕ್ಕಿಂತ ದೊಡ್ಡ ತಲೆನೋವು ‘ರದ್ದು’. ‘ಟಿಕೆಟ್ ರದ್ದು ಮಾಡಬೇಕೇ?’ ಅಂತ ಕೇಳಿ, ಕೆಳಗೆ ‘ಸರಿ’, ‘ರದ್ದುಮಾಡಿ’ ಅಂತ ಎರಡು ಬಟನ್ ಕೊಟ್ಟರೆ ಯಾವುದನ್ನು ಒತ್ತೋದು? ಎರಡನೆಯದು ಬರೀ ಡೈಲಾಗ್ (ಪ್ರಶ್ನೆ ಕೇಳುವ ಪುಟ್ಟ ಕಿಟಕಿ) ಮುಚ್ಚುತ್ತೆ, ಟಿಕೆಟ್ ಹಾಗೇ ಇರುತ್ತೆ. ಬಳಸುವವರು ಕೆಲಸ ಮುಗೀತು ಅಂದುಕೊಳ್ತಾರೆ. ಅನುವಾದದ ಫೈಲಿನಲ್ಲಿ ಕ್ಯಾನ್ಸಲ್ ಅನ್ನೋ ಒಂದೇ ಸ್ಟ್ರಿಂಗನ್ನು (ಪರದೆ ಮೇಲೆ ಕಾಣುವ ಪಠ್ಯದ ತುಣುಕನ್ನು) ಎಲ್ಲ ಕಡೆ ಬಳಸೋದರಿಂದ ಈ ಎಡವಟ್ಟು. ಇಂಥ ಡೈಲಾಗಿಗೆ ಬೇರೆ ಸ್ಟ್ರಿಂಗ್ ಮಾಡಿಸಿ: ‘ಟಿಕೆಟ್ ರದ್ದುಮಾಡಿ’, ‘ಟಿಕೆಟ್ ಇರಲಿ’. ಪ್ರಶ್ನೆಯನ್ನು ಕೈಯಿಂದ ಮುಚ್ಚಿ ಬಟನ್ ಮಾತ್ರ ಓದಿ; ಆಗಲೂ ಅರ್ಥವಾದರೆ ಹೆಸರು ಸರಿಯಿದೆ.

ಸೇವ್‌ಗೆ ‘ಉಳಿಸು’, ‘ಉಳಿಸಿ’ ಎರಡರಲ್ಲಿ ಯಾವುದಾದರೂ ನಡೆಯುತ್ತೆ, ಬೆರೆಸಬೇಡಿ. ನನ್ನ ಮತ ‘ಉಳಿಸಿ’ಗೆ: ‘ಉಳಿಸಿ ಮುಚ್ಚಿ’ ಅಂತ ಜೋಡಿಸಿದರೂ ಸಹಜವಾಗಿ ಕೇಳುತ್ತೆ. ಇನ್ನು ‘ಸಂರಕ್ಷಿಸಿ’ ಯಾರಿಗೂ ಬೇಡ, ಅದು ಹುಲಿಗಳಿಗಿರಲಿ.

ಒತ್ತಿದ ಮೇಲೆ ಇನ್ನೂ ವಿವರ ಕೇಳುವ ಆಜ್ಞೆಯಾದರೆ ಕೊನೆಗೆ ಮೂರು ಚುಕ್ಕಿ ಹಾಕಿ: ‘ಮುದ್ರಿಸಿ…’