ಫೋರ್‌ಕಾಸ್ಟ್ ಅಂಕಿಗಳನ್ನು ಹೀಗೆ ಉಳಿಸಿಡಿ
ಹೊಸೂರಿನ ಕಾರ್ಖಾನೆಗಳಲ್ಲಿ ಪ್ಲಾನಿಂಗ್ ನೋಡುವ ಗೆಳೆಯರೇ, ಎಕ್ಸೆಲ್‌ನಲ್ಲಿ ಫೋರ್‌ಕಾಸ್ಟ್ (ಮುಂದಿನ ಮಾರಾಟದ ಅಂದಾಜು) ಫಾರ್ಮುಲಾ ಹಾಕಿ ಸುಮ್ನೆ ಸೇವ್ ಮಾಡಿದರೆ ಸಾಲದು. ಹೊಸ ತಿಂಗಳ ಮಾರಾಟ ಸೇರಿಸಿ ರೇಂಜ್ ಹಿಗ್ಗಿಸಿದ ಕೂಡಲೇ ಹಳೆಯ ಅಂದಾಜೂ ಬದಲಾಗಿಬಿಡುತ್ತದೆ. ಆಯುಧಪೂಜೆಗೆ ಮುಂಚೆ ಎಷ್ಟು ಮೆಷಿನ್, ಎಷ್ಟು ಶಿಫ್ಟ್ ಬೇಕು ಅಂತ ಯಾವ ಅಂಕಿ ನೋಡಿ ತೀರ್ಮಾನಿಸಿದಿರಿ ಅನ್ನುವುದೇ ಆಮೇಲೆ ಸಿಗುವುದಿಲ್ಲ.

ಅದಕ್ಕೇ ಫಲಿತಾಂಶವನ್ನು ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ (ಫಾರ್ಮುಲಾ ಬಿಟ್ಟು ಬರೀ ಅಂಕಿ) ಆರಿಸಿ ಬೇರೆ ಶೀಟ್‌ಗೆ ಹಾಕಿ. ಶೀಟಿನ ಹೆಸರಲ್ಲೇ ತಾರೀಕು ಇರಲಿ. ಓರೆಗೆರೆ (/) ಮಾತ್ರ ಬೇಡ, ಎಕ್ಸೆಲ್ ಅದನ್ನು ಒಪ್ಪುವುದಿಲ್ಲ. ಅಂದಾಜಿನ ಕೆಳಮಿತಿ, ಮೇಲ್ಮಿತಿ (ಮಾರಾಟ ಎಷ್ಟಕ್ಕೆ ಇಳಿಯಬಹುದು, ಎಷ್ಟಕ್ಕೆ ಏರಬಹುದು) ಎರಡನ್ನೂ ಉಳಿಸಿ. ಮಧ್ಯದ ಅಂಕಿ ಒಂದನ್ನೇ ನಂಬಿ ಓವರ್‌ಟೈಮ್ ಗೊತ್ತುಮಾಡುವುದು ಕೆಲಸಗಾರರಿಗೆ ನ್ಯಾಯ ಅಲ್ಲ, ಅಲ್ವಾ? ವಿಶ್ವಾಸ ಮಟ್ಟ (ನಿಜವಾದ ಮಾರಾಟ ಈ ಎರಡು ಮಿತಿಗಳ ನಡುವೆ ಬೀಳುವ ಸಂಭವ) ಮಾಮೂಲಿಯಾಗಿ 95% ಇರುತ್ತದೆ. ಬದಲಿಸಿದ್ದರೆ ಪಕ್ಕದಲ್ಲೇ ಬರೆದಿಡಿ.