ಕಾರ್ ಶೆಡ್ಡಿನಲ್ಲಿ ಐದು ಸಾವಿರ ಲೀಟರ್ ಕೊಳ: ನನ್ನ ಅನುಭವ

ಬಿಸಿಲು ಬೀಳದ ಕಡೆ ಕೋಯಿ (ಕೊಳದಲ್ಲಿ ಸಾಕುವ ಬಣ್ಣದ ಮೀನು) ಉಳಿಯಲ್ಲ, ಉಳಿದರೂ ಬಿಳುಚಿಕೊಳ್ಳುತ್ತವೆ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಭಾವನವರಂತೂ 'ಪಾಯ ಕುಸಿದರೆ ಮೀನು ಬಂದು ಎತ್ತಿ ಹಿಡಿಯುತ್ತವೇನ್ರಿ?' ಅಂದಿದ್ದರು. ಒಂದೂವರೆ ವರ್ಷ ದಾಟಿತು. ಬೆರಳುದ್ದ ತಂದ ಮರಿಗಳು ಅಡಿ ಹತ್ತಿರ ಬೆಳೆದಿವೆ, ಕೆಂಪು ಕೆಂಪಾಗೇ ಇವೆ. ಈಗ ಬರೆಯೋದಕ್ಕೆ ಮುಖ ಇದೆ.

ನಮ್ಮದು ಮೈಸೂರು. ಶೆಡ್ಡಿನ ಕೆಳಗೆ ಬರೀ ಮಣ್ಣು, ಬೇಸ್‌ಮೆಂಟ್ ಇಲ್ಲ, ಅದಕ್ಕೇ ಧೈರ್ಯ ಮಾಡಿದ್ದು. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ನೀರು. ಬರೀ ನೀರೇ ಐದು ಟನ್. ಮಹಡಿ ಮೇಲೆ ಮಾಡೋರು ಎಂಜಿನಿಯರನ್ನು ಕೇಳದೆ ಕೈ ಹಾಕಬೇಡಿ. ಗೋಡೆಗೆ ಆರಿಂಚಿನ ಸಾಲಿಡ್ ಬ್ಲಾಕ್, ಮಧ್ಯದಲ್ಲಿ ಕಂಬಿ ಹಾಕಿ ಒಂದು ಕಾಂಕ್ರೀಟ್ ಬೆಲ್ಟ್. ಮೇಸ್ತ್ರಿ 'ಬೆಲ್ಟ್ ದಂಡ ಸಾರ್' ಅಂದ, ನಾನು ಬಿಡಲಿಲ್ಲ.

ಮೊದಲು ಒಳಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಮಾಡಿಸಿದ್ದು. ಸಿಮೆಂಟಿನ ಕ್ಷಾರ ಹೋಗಲಿ ಅಂತ ನೀರು ತುಂಬಿಸು, ಚೆಲ್ಲು, ಮತ್ತೆ ತುಂಬಿಸು. ಹುಣಸೆಹಣ್ಣು, ಪಟಿಕ ಎಲ್ಲ ಹಾಕಿ ನೋಡಿದ್ದಾಯಿತು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಒಂಬತ್ತರಿಂದ ಕೆಳಗಿಳಿಯಲೇ ಇಲ್ಲ. ಅಷ್ಟು ಪಿಎಚ್‌ನಲ್ಲಿ ಮೀನಿನ ಗಲೀಜಿನಿಂದ ಬರೋ ಒಂಚೂರು ಅಮೋನಿಯಾನೂ ವಿಷವೇ. ಹನ್ನೆರಡು ಸಾವಿರದಷ್ಟು ಅಲ್ಲೇ ಹೋಯಿತು. ಕೊನೆಗೆ ಅದರ ಮೇಲೇ ದಪ್ಪ ಟಾರ್ಪಾಲ್ ಹಾಸಿದೆ, ಮೂರೂವರೆ ಸಾವಿರದಲ್ಲಿ ತಲೆನೋವು ಮುಗಿಯಿತು. ಟಾರ್ಪಾಲ್ ತೂತು ಮಾಡಿ ಡ್ರೈನ್ ಪೈಪ್ ಕೂರಿಸಿದ್ದೇನೆ, ಇವತ್ತಿನವರೆಗೆ ಒಂದು ಹನಿ ಜಿನುಗಿಲ್ಲ. ಹೇಗೆ ಅನ್ನೋದು ಸದ್ಯ ನನ್ನಲ್ಲೇ ಇರಲಿ.

ಇನ್ನಷ್ಟು ದುಡ್ಡು ಮುಳುಗಿಸಿದ್ದು ಫಿಲ್ಟರ್. ಅಂಗಡಿಯವರು ಕೊಟ್ಟ ರೆಡಿಮೇಡ್ ಡಬ್ಬಕ್ಕೆ ಒಂಬತ್ತು ಸಾವಿರ. ಎರಡು ದಿನಕ್ಕೊಮ್ಮೆ ಸ್ಪಂಜು ಕಟ್ಟಿಕೊಂಡು ನೀರು ಹೊರಗೆ ಉಕ್ಕೋದು. ಅದನ್ನು ಓಎಲ್‌ಎಕ್ಸ್‌ನಲ್ಲಿ ಸಿಕ್ಕ ರೇಟಿಗೆ ಮಾರಿ ಇನ್ನೂರು ಲೀಟರಿನ ಎರಡು ನೀಲಿ ಡ್ರಮ್ ತಂದೆ. ಒಂದರಲ್ಲಿ ಗಲೀಜು ತಳ ಸೇರುತ್ತೆ, ಬ್ರಷ್‌ಗಳು ಉಳಿದದ್ದನ್ನು ಹಿಡೀತವೆ. ಇನ್ನೊಂದರಲ್ಲಿ ಎಂಬಿಬಿಆರ್ ಮೀಡಿಯಾ (ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಕೂರೋ, ತಿರುಗುತ್ತಲೇ ಇರಬೇಕಾದ ಪ್ಲಾಸ್ಟಿಕ್ ಚೂರುಗಳು), ಕೆಳಗಿಂದ ಗಾಳಿ. ಮೀಡಿಯಾ ದುಬಾರಿ ಅಂತ ಮೊದಲು ಛತ್ರದಿಂದ ಬಾಟಲಿ ಮುಚ್ಚಳ ಮೂಟೆಗಟ್ಟಲೆ ತಂದಿದ್ದೆ. ಅವು ಒಂದರೊಳಗೊಂದು ಕೂತು ತಿರುಗೋದೇ ನಿಲ್ಲಿಸಿದವು.

ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಮೀನಿಲ್ಲದೆ ಒಂದೂವರೆ ತಿಂಗಳು ಓಡಿಸಿದೆ. ದಿನಾ ಚಿಟಿಕೆ ಫೀಡ್, ಜೊತೆಗೆ ಗೆಳೆಯನ ಹಳೇ ಟ್ಯಾಂಕಿನ ಸ್ಪಂಜು ಹಿಂಡಿದ ಕೊಳಕು ನೀರು. ನೀವು ಏನೇ ಉಳಿಸಿ, ಈ ಕಾಯುವಿಕೆ ಮಾತ್ರ ಉಳಿಸಬೇಡಿ. ಮೀನು ಬಿಟ್ಟ ಮೇಲೂ ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾವನ್ನು ಒಡೆದಾಗ ಬರೋದು, ಅದೂ ವಿಷವೇ) ಒಮ್ಮೆ ಏರಿತು. ಐದು ಕೆಜಿ ಕಲ್ಲುಪ್ಪು ಕರಗಿಸಿ ಹಾಕಿದೆ, ಒಂದೂ ಸಾಯಲಿಲ್ಲ. ನಲ್ಲಿ ನೀರಿನ ಕ್ಲೋರಿನ್‌ಗೆ ಹೈಪೋ (ಕ್ಲೋರಿನ್ ತೆಗೆಯೋ ಸೋಡಿಯಂ ಥಯೋಸಲ್ಫೇಟ್ ಹರಳು) ಇದ್ದೇ ಇದೆ.

ನೆರಳಿನ ಲಾಭ ಯಾರೂ ಹೇಳಿರಲಿಲ್ಲ. ನೀರು ಹಸಿರಾಗೋದೇ ಇಲ್ಲ, ಪಾಚಿ ಕೊಲ್ಲೋ ಯುವಿ ಲೈಟಿನ ದುಡ್ಡು ಉಳಿಯಿತು. ದಿನಕ್ಕೆ ಹತ್ತು ಗಂಟೆ ಎರಡು ಎಲ್‌ಇಡಿ ಟ್ಯೂಬ್, ಫೀಡಿನಲ್ಲಿ ಸ್ಪಿರುಲಿನಾ (ಒಂದು ಬಗೆಯ ಪಾಚಿ), ಬಣ್ಣಕ್ಕೆ ಅಷ್ಟೇ. ನಷ್ಟ ಅಂದರೆ ತೇವ. ಗೋಡೆ ಬೆವರಿ, ಬೈಕಿನ ಚೈನು ತುಕ್ಕು ಹಿಡಿದು, ಮನೆಯವಳು ಎರಡು ದಿನ ಮಾತು ಬಿಟ್ಟಳು. ಎಕ್ಸಾಸ್ಟ್ ಫ್ಯಾನ್ ಹಾಕಿ, ಕೊಳಕ್ಕೆ ಅರ್ಧ ಪಾಲಿಕಾರ್ಬೊನೇಟ್ ಮುಚ್ಚಿದ ಮೇಲೆ ಸರಿಹೋಯಿತು.

ಕರೆಂಟು ತಿಂಗಳಿಗೆ ಸುಮಾರು 70 ಯೂನಿಟ್ ಜಾಸ್ತಿ. ಗೃಹಜ್ಯೋತಿಯ 200 ಯೂನಿಟ್ ದಾಟಿಲ್ಲ, ಆದರೆ ನಮ್ಮ ಹಳೇ ಸರಾಸರಿ ಮೀರಿದ್ದಕ್ಕೆ ಬಿಲ್ ಬರುತ್ತೆ. ಕರೆಂಟು ಹೋದಾಗ ಇನ್ವರ್ಟರಿಗೆ ಏರ್ ಪಂಪ್ ಮಾತ್ರ, ಅದು ಸಾಕು.

ಡ್ರಮ್ಮಿನ ಬಗ್ಗಡ ಕರಿಬೇವಿಗೆ ಹೋಗುತ್ತೆ. ಫಿಲ್ಟರ್ ನೀರಿನಲ್ಲಿ ಒಂದೆಲಗವನ್ನೂ ಬೆಳೆಸಿ ನೋಡಿದೆ, ಚೆನ್ನಾಗೇ ಬಂತು, ತಂಬುಳಿಗೂ ಆಯಿತು. ಟೊಮೆಟೊ ಮಾತ್ರ ಉದ್ದಕ್ಕೆ ಸೊರಗಿ ಬಿದ್ದುಹೋಯಿತು.

ಹಾಳಾದದ್ದೂ ಸೇರಿ ಎಲ್ಲಾ ಒಟ್ಟು ಅರವತ್ತು ಸಾವಿರದ ಆಸುಪಾಸು. ಕಂಟ್ರಾಕ್ಟರ್ ಒಬ್ಬರು ಇದೇ ಅಳತೆಗೆ ಒಂದೂಮುಕ್ಕಾಲು ಲಕ್ಷ ಕೇಳಿದ್ದರು. ಟಾರ್ಪಾಲ್ ಇನ್ನೆರಡು ವರ್ಷ ಬಂದರೆ ಹೆಚ್ಚು. ಅಷ್ಟರೊಳಗೆ ಇಪಿಡಿಎಂ ರಬ್ಬರ್ ಶೀಟಿಗೆ ದುಡ್ಡು ಕೂಡಿಸಬೇಕು.